ಬೀದಿಗೊಂದು ಸಂಘ ಕಟ್ಟುವ ಮುನ್ನ: ಗುಂಪು, ನೋಂದಾಯಿತ ಸಂಘ, ಟ್ರಸ್ಟ್, ವಾರ್ಡ್ ಸಮಿತಿ. ಯಾವುದು ಯಾವ ಕೆಲಸಕ್ಕೆ?

ಮಳೆಗಾಲದ ಒಂದು ರಾತ್ರಿ ಮೋರಿ ಉಕ್ಕಿ ಕೊಳಕು ನೀರು ಮನೆ ಮೆಟ್ಟಿಲಿಗೆ ಬರುತ್ತದೆ. ಬೆಳಿಗ್ಗೆ ಎದ್ದು ನೋಡಿದರೆ ಹತ್ತು ಮನೆಯವರೂ ಪೊರಕೆ ಹಿಡಿದು ಬೀದಿಯಲ್ಲಿದ್ದಾರೆ. ‘ನಮಗೂ ಒಂದು ಅಸೋಸಿಯೇಷನ್ ಅಂತ ಇರಬೇಕಪ್ಪ’ ಎಂದು ಒಬ್ಬರು ಹೇಳುತ್ತಾರೆ. ಎಲ್ಲರೂ ಹೌದು ಹೌದು ಎನ್ನುತ್ತಾರೆ. ಬೆಂಗಳೂರಿನ ಎಷ್ಟೋ ಬಡಾವಣೆಗಳಲ್ಲಿ ಸಂಘ ಹುಟ್ಟಿದ್ದು ಹೀಗೇ. ನಮ್ಮದೂ ಹಾಗೇ.

ಆಮೇಲೆ ಪ್ರಶ್ನೆಗಳು ಶುರು. ಎಂಥ ಸಂಘ? ರಿಜಿಸ್ಟರ್ ಮಾಡಿಸಬೇಕಾ, ಸುಮ್ನೆ ಒಂದು ವಾಟ್ಸಾಪ್ ಗ್ರೂಪ್ ಸಾಕಾ? ಟ್ರಸ್ಟ್ ಮಾಡಿದರೆ ತಲೆನೋವು ಕಡಿಮೆ ಅಂತಾರಲ್ಲ? ವಾರ್ಡ್ ಸಮಿತಿ ಅಂತ ಒಂದಿದೆಯಲ್ಲ, ಅದಿರುವಾಗ ಇದೆಲ್ಲ ಯಾಕೆ?

ನಾನು ಬೆಂಗಳೂರಿನ ದಕ್ಷಿಣ ಭಾಗದ ಒಂದು ಬಡಾವಣೆಯಲ್ಲಿ 12 ವರ್ಷದಿಂದ ಈ ಕೆಲಸದಲ್ಲಿದ್ದೇನೆ. ಮೊದಲು ಬರೀ ಕೈಜೋಡಿಸುವವನಾಗಿದ್ದೆ, ಆಮೇಲೆ ಖಜಾಂಚಿ, ಈಗ ಕಾರ್ಯದರ್ಶಿ. ಇವುಗಳಲ್ಲಿ ಕೆಲವು ದಾರಿಗಳನ್ನು ನಾವೇ ನಡೆದು ನೋಡಿದ್ದೇವೆ, ಉಳಿದದ್ದನ್ನು ಪಕ್ಕದ ಬಡಾವಣೆಯವರ ಜೊತೆ ಕೂತು ಕಲಿತಿದ್ದೇವೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ತಿಂಗಳು ತಿಂಗಳು ಚಂದಾ ಎತ್ತುವ ದಿನ ಬಂತು ಅಂದರೆ ನೋಂದಣಿ ಮಾಡಿಸುವ ದಿನವೂ ಬಂತು. ಅದಕ್ಕೆ ಮುಂಚೆ ಅವಸರ ಬೇಡ. ಅದಾದ ಮೇಲೆ ತಡವೂ ಬೇಡ.

ಅಪಾರ್ಟ್‌ಮೆಂಟಿನವರಿಗೆ ಎರಡು ಮಾತು

ನಾನು ಬರೆಯುತ್ತಿರುವುದು ಸೈಟು ಕೊಂಡು ಮನೆ ಕಟ್ಟಿಕೊಂಡ ಬೀದಿಗಳ ಬಗ್ಗೆ. ಫ್ಲಾಟ್‌ಗಳ ಕಥೆ ಬೇರೆ. ಅಲ್ಲಿ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ, 1972 ಬರುತ್ತದೆ. ಕಟ್ಟಡ ಈ ಕಾಯ್ದೆಗೆ ಒಳಪಡುತ್ತದೆ ಎಂಬ ಘೋಷಣಾ ಪತ್ರವನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಬೇಕು. ಫ್ಲಾಟ್ ಕೊಂಡವರೆಲ್ಲ ಸಂಘದ ಸದಸ್ಯರಾಗುತ್ತಾರೆ, ನಿರ್ವಹಣೆ ಖರ್ಚು ಕೊಡಲೇಬೇಕು. ಬರೀ ವಾಸದ ಫ್ಲಾಟ್‌ಗಳಿರುವ ಕಟ್ಟಡದವರು ಈ ಕಾಯ್ದೆಯ ದಾರಿಯಲ್ಲೇ ಹೋಗಬೇಕು ಎಂದು ಹೈಕೋರ್ಟ್ ಕೂಡ ಹೇಳಿದೆ. ಹಾಗಾಗಿ ಕೆಳಗೆ ನಾನು ಹೇಳುವ ಆಯ್ಕೆಗಳು ನಿಮಗೆ ಅಷ್ಟಾಗಿ ಇಲ್ಲ.

ನಮ್ಮಂಥ ಬೀದಿಗಳಲ್ಲಿ ಯಾರನ್ನೂ ಬಲವಂತವಾಗಿ ಸದಸ್ಯರನ್ನಾಗಿ ಮಾಡಲು ಬರುವುದಿಲ್ಲ. ಚಂದಾ ಕೊಡದಿದ್ದರೆ ನೀರು ನಿಲ್ಲಿಸಲು ಬರುವುದಿಲ್ಲ, ನಿಲ್ಲಿಸಲೂಬಾರದು. ಜನ ನಂಬಿ ಬಂದರಷ್ಟೇ ಸಂಘ. ಈ ಒಂದು ವ್ಯತ್ಯಾಸ ಮನಸ್ಸಲ್ಲಿ ಇಟ್ಟುಕೊಂಡರೆ ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ಹೆಸರು, ಮೊಹರು ಇಲ್ಲದ ಗುಂಪು

ಇದನ್ನು ಕಡೆಗಣಿಸಬೇಡಿ. ನಮ್ಮ ಬೀದಿಯ ದೊಡ್ಡ ಗೆಲುವು ಬಂದಿದ್ದು ನಾವು ಬರೀ ಗುಂಪಾಗಿದ್ದ ಕಾಲದಲ್ಲಿ. ಮೂರನೇ ಕ್ರಾಸಿನ ಮೂಲೆಯಲ್ಲಿ ಕಸದ ರಾಶಿ ಬೀಳುತ್ತಿತ್ತು. ಬೈಕಿನಲ್ಲಿ ಬಂದವರು ಕವರ್ ಎಸೆದು ಹೋಗುತ್ತಿದ್ದರು. ಪೌರಕಾರ್ಮಿಕರು ಬೆಳಿಗ್ಗೆ ಎತ್ತಿದರೆ ಮಧ್ಯಾಹ್ನದ ಹೊತ್ತಿಗೆ ಮತ್ತೆ ರಾಶಿ. ನಾವು ಮಾಡಿದ್ದು ಇಷ್ಟೇ. ಒಂದು ಭಾನುವಾರ ಎಲ್ಲರೂ ಸೇರಿ ಜಾಗ ತೊಳೆದೆವು. ರಂಗೋಲಿ ಹಾಕಿದೆವು, ಹಳೆ ಡ್ರಮ್ಮುಗಳಲ್ಲಿ ಕಣಗಿಲೆ ಗಿಡ ಇಟ್ಟೆವು. ಆಮೇಲೆ ಆರು ವಾರ ಬೆಳಿಗ್ಗೆ 6ರಿಂದ 7:30ರವರೆಗೆ ಇಬ್ಬಿಬ್ಬರು ಅಲ್ಲಿ ಕುರ್ಚಿ ಹಾಕಿಕೊಂಡು ಕೂತೆವು. ಬೈಯಲಿಲ್ಲ. ‘ಕಸದ ಆಟೋ ಇಷ್ಟು ಹೊತ್ತಿಗೆ ಬರುತ್ತೆ, ಹಸಿ ಕಸ, ಒಣ ಕಸ ಬೇರೆ ಮಾಡಿ ಅದಕ್ಕೇ ಕೊಡಿ’ ಎಂದು ಹೇಳಿ ಕಳಿಸಿದೆವು. ಅಷ್ಟಕ್ಕೆ ಬೈಲಾನೂ (ಸಂಘದ ನಿಯಮಾವಳಿ) ಬೇಕಾಗಲಿಲ್ಲ, ಬ್ಯಾಂಕ್ ಖಾತೆಯೂ ಬೇಕಾಗಲಿಲ್ಲ.

ದೂರು ಕೊಡಲೂ ಸಂಘ ಬೇಕಿಲ್ಲ. ಕರೆಂಟು ಹೋದರೆ 1912, ಕಾವೇರಿ ನೀರು ಮತ್ತು ಒಳಚರಂಡಿಗೆ 1916, ರಸ್ತೆ ಗುಂಡಿ, ಕಸ, ಬೀದಿ ದೀಪಕ್ಕೆ 1533. ಯಾರು ಬೇಕಾದರೂ ಫೋನ್ ಮಾಡಬಹುದು. ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ, ಅಷ್ಟು ಸಾಕು.

ಮಾಹಿತಿ ಹಕ್ಕಿನ ಅರ್ಜಿಗೂ ಸಂಘ ಬೇಡ. ಬಹಳ ಜನಕ್ಕೆ ಇದು ಗೊತ್ತಿಲ್ಲ. 2005ರ ಕಾಯ್ದೆ ಹಕ್ಕು ಕೊಟ್ಟಿರುವುದು ನಾಗರಿಕರಿಗೆ. ಆದ್ದರಿಂದ ಸಂಘದ ಲೆಟರ್‌ಹೆಡ್‌ನಲ್ಲಿ ಬರೆದು ತಕರಾರು ಬರಿಸಿಕೊಳ್ಳುವ ಬದಲು ನಿಮ್ಮ ಸ್ವಂತ ಹೆಸರಲ್ಲೇ ಹಾಕುವುದು ಕ್ಷೇಮ. ಶುಲ್ಕ 10 ರೂಪಾಯಿ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಉತ್ತರಕ್ಕೆ 30 ದಿನ. ನಮ್ಮ ಬೀದಿಗೆ ಡಾಂಬರು ಹಾಕಿದ ಬಿಲ್ಲಿನ ನಕಲು ನಮಗೆ ಸಿಕ್ಕಿದ್ದು ಹೀಗೇ. ಅರ್ಜಿ ಹಾಕಿದ್ದು ನಿವೃತ್ತ ಟೀಚರ್ ಒಬ್ಬರು, ತಮ್ಮ ಕೈಬರಹದಲ್ಲಿ.

ಒಂದೇ ಒಂದು ವಿಷಯಕ್ಕೆ ದನಿ ಎತ್ತುವಾಗಲೂ ಗುಂಪು ಸಾಕು. 2016ರ ಅಕ್ಟೋಬರ್ 16ರಂದು ಬೆಂಗಳೂರಿಗೆ ಸ್ಟೀಲ್ ಫ್ಲೈಓವರ್ ಬೇಡ ಎಂದು ಸಾವಿರಾರು ಜನ ಕೈ ಕೈ ಹಿಡಿದು ನಿಂತದ್ದು ನೆನಪಿದೆಯಲ್ವಾ? ಅಲ್ಲಿ ನಿಲ್ಲಲು ಯಾವ ಸಂಘದ ರಸೀದಿಯೂ ಬೇಕಿರಲಿಲ್ಲ. 2017ರ ಮಾರ್ಚ್‌ನಲ್ಲಿ ಸರ್ಕಾರ ಆ ಯೋಜನೆ ಕೈಬಿಟ್ಟಿತು. ಅದರ ಜೊತೆಗೇ ಕೋರ್ಟಿನಲ್ಲೂ ಕೆಲಸ ನಡೆದಿತ್ತು ಅನ್ನುವುದನ್ನೂ ಮರೆಯಬಾರದು.

ಹಾಗಾದರೆ ಗುಂಪು ಎಲ್ಲಿ ಸೋಲುತ್ತದೆ? ದುಡ್ಡಿನಲ್ಲಿ.

ಒಬ್ಬರ ಖಾತೆಯಲ್ಲಿ ಎಲ್ಲರ ದುಡ್ಡು

ರಾತ್ರಿ ಕಾವಲಿಗೆ ಒಬ್ಬರನ್ನು ಇಟ್ಟುಕೊಂಡ ಮೇಲೆ ನಾವು ಮನೆಗೆ ತಿಂಗಳಿಗೆ 200 ರೂಪಾಯಿ ಎತ್ತತೊಡಗಿದೆವು. ಬ್ಯಾಂಕಿನಿಂದ ನಿವೃತ್ತರಾದ ಅಂಕಲ್ ಒಬ್ಬರು ಖಜಾಂಚಿಯಾದರು. ದುಡ್ಡು ಅವರ ಸ್ವಂತ ಉಳಿತಾಯ ಖಾತೆಗೆ ಹೋಗುತ್ತಿತ್ತು. ಲೆಕ್ಕ ಅಂದರೆ ಕನ್ನಡಿ. ಒಂದು ರೂಪಾಯಿ ಆಚೀಚೆ ಇಲ್ಲ. ನೋಟ್‌ಬುಕ್ಕಿನಲ್ಲಿ ಕೆಂಪು ಶಾಯಿ, ನೀಲಿ ಶಾಯಿ ಬೇರೆ ಬೇರೆ.

2021ರ ಮೇ ತಿಂಗಳಲ್ಲಿ ಕೋವಿಡ್ ಬಂದು ಅವರು ತೀರಿಕೊಂಡರು. ಆಗ ಅವರ ಖಾತೆಯಲ್ಲಿ ನಮ್ಮ ಬೀದಿಯ 1,38,000 ರೂಪಾಯಿ ಇತ್ತು. ಬ್ಯಾಂಕಿನ ಪಾಲಿಗೆ ಅದು ಅವರ ಸ್ವಂತ ದುಡ್ಡು. ನಾಮಿನಿಗೆ, ವಾರಸುದಾರರಿಗೆ ಹೋಗುವ ದುಡ್ಡು. ಬೀದಿಗೆ ಅದರ ಮೇಲೆ ಕಾಗದದಲ್ಲಿ ಯಾವ ಹಕ್ಕೂ ಇಲ್ಲ. ಕಾವಲಿನವರ ಸಂಬಳ ಕೊಡಬೇಕು, ಆದರೆ ಸೂತಕದ ಮನೆಗೆ ಹೋಗಿ ದುಡ್ಡು ಕೇಳುವುದು ಹೇಗೆ? ಎರಡು ತಿಂಗಳು ನಾವು ಯಾರೂ ಬಾಯಿ ಬಿಡಲಿಲ್ಲ. ಕೈಯಿಂದ ಹಾಕಿ ಸಂಬಳ ಕೊಟ್ಟೆವು. ಕೊನೆಗೆ ಆಂಟಿಯೇ ಆ ನೋಟ್‌ಬುಕ್ ಹಿಡಿದು ನಮ್ಮ ಮನೆಗೆ ಬಂದರು. ‘ಇದು ನಿಮ್ಮದು, ಅವರು ಬರೆದಿಟ್ಟಿದ್ದಾರೆ’ ಅಂದರು. ಬ್ಯಾಂಕಿನ ಕಾಗದಪತ್ರ ಮುಗಿಯಲು ಇನ್ನೂ ಎರಡು ತಿಂಗಳು ಹಿಡಿಯಿತು.

ಆ ಮನೆಯವರು ಅಷ್ಟು ಒಳ್ಳೆಯವರಾಗಿದ್ದಕ್ಕೆ ದುಡ್ಡು ಬಂತು. ಆ ದುಃಖದ ಹೊತ್ತಲ್ಲಿ ನಮ್ಮ ಲೆಕ್ಕದ ಭಾರವನ್ನೂ ಅವರು ಹೊರಬೇಕಾಯಿತಲ್ಲ ಎಂದು ನನಗೆ ಇವತ್ತಿಗೂ ಸಂಕಟವಾಗುತ್ತದೆ. ಮುಂದಿನ ಭಾನುವಾರವೇ ನೋಂದಣಿ ಬಗ್ಗೆ ಸಭೆ ಕರೆದೆವು. ಅರ್ಜಿಗೆ ಬಿದ್ದ ಏಳು ಸಹಿಗಳಲ್ಲಿ ಒಂದು ಆಂಟಿಯದು.

1960ರ ಕಾಯ್ದೆಯ ಸಂಘ

‘ಕ್ಷೇಮಾಭಿವೃದ್ಧಿ ಸಂಘ (ರಿ.)’ ಎಂಬ ಬೋರ್ಡು ನೋಡಿರುತ್ತೀರಿ. ಆ ‘ರಿ.’ ಸಾಮಾನ್ಯವಾಗಿ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರದು. 18 ವರ್ಷ ದಾಟಿದ ಏಳು ಜನ ಸೇರಿದರೆ ಸಾಕು. ಸಂಘದ ಉದ್ದೇಶ ಬರೆದ ಜ್ಞಾಪನ ಪತ್ರ, ಬೈಲಾ, ಏಳೂ ಜನರ ಗುರುತಿನ ದಾಖಲೆ, ಕಚೇರಿ ವಿಳಾಸಕ್ಕೆ ಪುರಾವೆ. ಇವನ್ನು ಸಹಕಾರ ಇಲಾಖೆಯಡಿ ಇರುವ ಸಂಘಗಳ ನೋಂದಣಾಧಿಕಾರಿಗೆ ಕೊಡಬೇಕು.

ಇದರಿಂದ ಏನು ಸಿಗುತ್ತದೆ? ಮೊದಲನೆಯದು, ಸಂಘದ ಹೆಸರಲ್ಲೇ ಪ್ಯಾನ್ ಕಾರ್ಡು ಮತ್ತು ಬ್ಯಾಂಕ್ ಖಾತೆ. ಚೆಕ್ಕಿಗೆ ಇಬ್ಬರ ಸಹಿ. ಒಬ್ಬರು ಊರು ಬಿಟ್ಟರೂ, ಕಾಲವಾದರೂ ಖಾತೆ ನಿಲ್ಲುವುದಿಲ್ಲ. ಕಾಗದದ ಪ್ರಕಾರ ನೋಂದಣಿ ಇಲ್ಲದ ಗುಂಪಿಗೂ ಖಾತೆ ತೆರೆಯಲು ಬ್ಯಾಂಕುಗಳಿಗೆ ಅವಕಾಶ ಇದೆ. ಆದರೆ ಕೌಂಟರಿನಲ್ಲಿ ಕೇಳುವುದು ನೋಂದಣಿ ಪತ್ರವನ್ನೇ. ನಾವು ಎರಡು ಕಡೆ ಪ್ರಯತ್ನಪಟ್ಟು ವಾಪಸ್ ಬಂದಿದ್ದೆವು.

ಎರಡನೆಯದು, ಸಿಎ ಸೈಟು. ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಬಡಾವಣೆಗಳಲ್ಲಿ ನಾಗರಿಕ ಸೌಲಭ್ಯಕ್ಕೆ ಎಂದು ಬಿಟ್ಟ ನಿವೇಶನಗಳನ್ನು 30 ವರ್ಷದ ಗುತ್ತಿಗೆಗೆ ಕೊಡುತ್ತಾರೆ. ಅದಕ್ಕೆ ಅರ್ಜಿ ಹಾಕಲು ನೋಂದಾಯಿತ ಸಂಘವೋ ಸಹಕಾರ ಸಂಘವೋ ಟ್ರಸ್ಟೋ ಆಗಿರಬೇಕು. ನಿಮ್ಮ ಬೀದಿಯ ಮಕ್ಕಳಿಗೆ ಗ್ರಂಥಾಲಯ, ಹಿರಿಯರಿಗೆ ಕೂರುವ ಜಾಗ ಮಾಡುವ ಕನಸು ಇದ್ದರೆ ಗುಂಪಾಗಿ ಉಳಿದು ಪ್ರಯೋಜನ ಇಲ್ಲ.

ಮೂರನೆಯದು ಕೋರ್ಟು. ನೋಂದಾಯಿತ ಸಂಘ ತನ್ನ ಬೈಲಾದಲ್ಲಿ ಹೇಳಿದ ಪದಾಧಿಕಾರಿಯ ಮೂಲಕ ದಾವೆ ಹೂಡಬಹುದು. ಖಾಸಗಿ ಲೇಔಟಿನಲ್ಲಿ ಇರುವವರಿಗೆ ಇದು ಬಹಳ ಮುಖ್ಯ. ರಸ್ತೆ, ಪಾರ್ಕು, ಒಳಚರಂಡಿಯನ್ನು ಬಿಲ್ಡರ್ ಇನ್ನೂ ಪಾಲಿಕೆಗೆ ಹಸ್ತಾಂತರ ಮಾಡಿಲ್ಲ, ಪಾಲಿಕೆಯವರು ‘ಅದು ನಮ್ಮದಲ್ಲ’ ಅಂತಾರೆ, ಬಿಲ್ಡರ್ ಫೋನ್ ಎತ್ತಲ್ಲ. ಕರ್ನಾಟಕದ ಎಲ್ಲ ದೊಡ್ಡ ಊರುಗಳಲ್ಲೂ ಈ ಗೋಳು ಇದೆ. ಇಂಥ ಕಡೆ ವರ್ಷಗಟ್ಟಲೆ ಪತ್ರ ವ್ಯವಹಾರ ನಡೆಸಬೇಕಾಗುತ್ತದೆ. ಪತ್ರ ಬರೆದವರು ಮನೆ ಮಾರಿ ಹೋದರೂ ಕಡತ ಉಳಿಯಬೇಕು. ಪಾರ್ಕ್ ಜಾಗದ ಮೇಲೆ ಯಾರಾದರೂ ಕಣ್ಣು ಹಾಕಿದರೂ ಅಷ್ಟೇ. 1985ರ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಕಾಯ್ದೆ ನಿಮ್ಮ ಪರ ಇದೆ. ಅದನ್ನು ಹಿಡಿದು ಹೋಗಲು ಒಂದು ಗಟ್ಟಿ ಸಂಘ ಬೇಕು.

ಇನ್ನು ಇದರ ಕಷ್ಟ. ವರ್ಷಕ್ಕೊಮ್ಮೆ ಸರ್ವ ಸದಸ್ಯರ ಸಭೆ ಮಾಡಲೇಬೇಕು. ಲೆಕ್ಕ ಪರಿಶೋಧನೆ ಆಗಬೇಕು. ಸಭೆ ಮುಗಿದ ಮೇಲೆ ಆಡಳಿತ ಮಂಡಳಿಯ ಪಟ್ಟಿ, ಜಮಾ ಖರ್ಚು ಎಲ್ಲವನ್ನೂ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಒಂದು ವರ್ಷ ಬಿಟ್ಟರೆ ಮುಂದಿನ ವರ್ಷ ಇನ್ನೂ ಕಷ್ಟ, ದಂಡವೂ ಬೀಳುತ್ತದೆ. ಬೋರ್ಡು ಗೋಡೆಯ ಮೇಲಿದ್ದೂ ಕಾಗದದಲ್ಲಿ ಸತ್ತುಹೋದ ಸಂಘಗಳು ನಮ್ಮ ಸುತ್ತಮುತ್ತಲೇ ಇವೆ. ನೋಂದಣಿ ಮಾಡಿಸುವ ಉತ್ಸಾಹ ಎಲ್ಲರಿಗೂ ಇರುತ್ತದೆ. ನಾಲ್ಕನೇ ವರ್ಷದ ಕಡತ ಸಲ್ಲಿಸುವವರು ಯಾರು ಎಂದು ಮೊದಲೇ ಕೇಳಿಕೊಳ್ಳಿ.

ತೆರಿಗೆ ಬಗ್ಗೆ ಒಂದು ಮಾತು. ಸದಸ್ಯರು ಕೊಟ್ಟ ಚಂದಾ ಸದಸ್ಯರಿಗೇ ಖರ್ಚಾದರೆ ಅದು ಆದಾಯ ಅಲ್ಲ ಎಂಬ ತತ್ವ ಇದೆ. ಆದರೆ ಬ್ಯಾಂಕಿನಲ್ಲಿ ಇಟ್ಟ ಠೇವಣಿಯ ಬಡ್ಡಿಗೆ ಆ ರಿಯಾಯಿತಿ ಸಿಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಬೆಂಗಳೂರು ಕ್ಲಬ್ ಪ್ರಕರಣದಲ್ಲಿ ಹೇಳಿತು. ಎಫ್‌ಡಿ ಮಾಡುವ ಮುಂಚೆ ಲೆಕ್ಕಪರಿಶೋಧಕರನ್ನು ಕೇಳಿ.

ಜಗಳ ಬಂದರೆ? ಬರುತ್ತದೆ, ಬರದೆ ಇರುವುದಿಲ್ಲ. ಈ ಕಾಯ್ದೆಯಲ್ಲಿ ಸದಸ್ಯರು ನೋಂದಣಾಧಿಕಾರಿಗೆ ದೂರು ಕೊಡಬಹುದು, ವಿಚಾರಣೆ ನಡೆಯಬಹುದು. ಆಡಳಿತ ಪೂರ್ತಿ ಹದಗೆಟ್ಟರೆ ಸರ್ಕಾರ ಆಡಳಿತಾಧಿಕಾರಿಯನ್ನು ನೇಮಿಸಲೂಬಹುದು. ಗುಂಪಿನಲ್ಲಿ ಜಗಳವಾದರೆ ಎರಡು ವಾಟ್ಸಾಪ್ ಗ್ರೂಪ್ ಆಗುತ್ತದೆ, ಅಷ್ಟೇ. ದುಡ್ಡು ಯಾರ ಹತ್ತಿರ ಇತ್ತೋ ಅವರ ಹತ್ತಿರವೇ ಇರುತ್ತದೆ.

ಬೈಲಾದಲ್ಲಿ ಯಾರಿದ್ದಾರೆ, ಯಾರಿಲ್ಲ

ಯಾವ ಕಾಯ್ದೆ ಅನ್ನುವುದಕ್ಕಿಂತ ಈ ಪ್ರಶ್ನೆ ದೊಡ್ಡದು ಎಂದು ನನಗೆ ಅನ್ನಿಸುತ್ತದೆ. ನಾವು ಇಲ್ಲಿ ತಪ್ಪು ಮಾಡಿದೆವು.

ನಮ್ಮ ಮೊದಲ ಬೈಲಾವನ್ನು ಬೇರೆ ಬಡಾವಣೆಯಿಂದ ತಂದು ಹೆಸರು ಬದಲಿಸಿದ್ದೆವು. ಅದರಲ್ಲಿ ಸದಸ್ಯರು ಅಂದರೆ ‘ನಿವೇಶನದ ಮಾಲೀಕರು’ ಎಂದಿತ್ತು. ಯಾರೂ ಗಮನಿಸಲಿಲ್ಲ. ನಮ್ಮಲ್ಲಿ 64 ಸೈಟುಗಳಿವೆ. ಅದರಲ್ಲಿ 9 ಖಾಲಿ. 19 ಜನ ಮಾಲೀಕರು ಬೇರೆ ಊರು, ಬೇರೆ ದೇಶದಲ್ಲಿದ್ದಾರೆ. ಆದರೆ ಮೇಲಿನ ಮಹಡಿ, ಹಿಂದಿನ ಮನೆ ಎಲ್ಲ ಸೇರಿ 41 ಬಾಡಿಗೆ ಸಂಸಾರಗಳಿವೆ. ಅವರು ಯಾರೂ ಸದಸ್ಯರಲ್ಲ.

2024ರ ಬೇಸಿಗೆ ಬಂತು. ಬೋರ್‌ವೆಲ್‌ಗಳು ಬತ್ತಿದವು, ಇಡೀ ಬೆಂಗಳೂರು ಟ್ಯಾಂಕರ್ ಹಿಂದೆ ಓಡಿತು. ಜಿಲ್ಲಾಡಳಿತ ಟ್ಯಾಂಕರಿಗೆ ದರ ನಿಗದಿ ಮಾಡಿತು. 5 ಕಿಲೋಮೀಟರ್ ಒಳಗೆ 12,000 ಲೀಟರಿಗೆ 1,000 ರೂಪಾಯಿ. ಆದರೆ ಆ ದರಕ್ಕೆ ತರಿಸುವವರು ಯಾರು? ಬೀದಿಯ ಎಲ್ಲ ಮನೆಗಳನ್ನೂ ಸೇರಿಸಿ ಒಂದೇ ಪಟ್ಟಿ ಮಾಡಿ, ಸರದಿ ಹಾಕಿ, ಯಾರ ಮನೆಯಲ್ಲಿ ಮಗು ಇದೆ, ಯಾರ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ ಎಂದು ನೋಡಿ ನೀರು ಹಂಚಿದ್ದು ಎರಡನೇ ಕ್ರಾಸಿನ ಮಹಡಿ ಮನೆಯಲ್ಲಿ ಬಾಡಿಗೆಗೆ ಇರುವ ಒಬ್ಬ ನರ್ಸ್. ರಾತ್ರಿ ಪಾಳಿ ಮುಗಿಸಿ ಬಂದು, ಟ್ಯಾಂಕರ್ ಬರುವ ತನಕ ಎಚ್ಚರ ಇದ್ದು, ಆಮೇಲೆ ಮಲಗುತ್ತಿದ್ದರು. ಅದೇ ವರ್ಷದ ಸಭೆಯಲ್ಲಿ ಅವರಿಗೆ ಓಟು ಇರಲಿಲ್ಲ. ಬೇರೆ ಊರಲ್ಲಿದ್ದು ಒಂದು ದಿನವೂ ನೀರಿಗೆ ಪರದಾಡದ ಮಾಲೀಕರಿಗೆ ಇತ್ತು.

ಮರುವರ್ಷ ವಿಶೇಷ ಸಭೆ ಕರೆದು ಬೈಲಾ ತಿದ್ದಿದೆವು. ಈಗ ನಮ್ಮಲ್ಲಿ ಬೇರೆ ಅಡುಗೆಮನೆ ಇರುವ ಪ್ರತಿ ಮನೆಗೂ ಒಂದು ಓಟು. ಅಲ್ಲಿ ಯಾರು ವಾಸವಿದ್ದಾರೋ ಅವರದು. ಖಾಲಿ ಸೈಟಿನ ಮಾಲೀಕರು ‘ಸಹ-ಸದಸ್ಯರು’ (ಅಸೋಸಿಯೇಟ್ ಮೆಂಬರ್), ಅವರಿಗೆ ಸೈಟು ಸ್ವಚ್ಛ ಮಾಡಿಸುವ ಹೊಣೆ. ಮನೆಯಿಂದ ಗಂಡನೇ ಬರಬೇಕು ಎಂದೇನಿಲ್ಲ ಎಂದೂ ಬರೆದೆವು. ಆಮೇಲಿನ ಸಭೆಗೆ ಬಂದವರಲ್ಲಿ ಅರ್ಧಕ್ಕಿಂತ ಜಾಸ್ತಿ ಹೆಂಗಸರು. ಮಾತು ಬೀದಿ ದೀಪಕ್ಕೆ, ಸಂಜೆ ಟ್ಯೂಷನ್ ಮುಗಿಸಿ ಬರುವ ಮಕ್ಕಳಿಗೆ ತಿರುಗಿತು. ಮುಂಚಿನ ಸಭೆಗಳಲ್ಲಿ ಆ ವಿಷಯ ಬಂದದ್ದೇ ಇಲ್ಲ.

ಬೈಲಾ ಬರೆಯುವಾಗಲೇ ಇದನ್ನು ಸರಿ ಮಾಡಿಕೊಳ್ಳಿ. ಆಮೇಲೆ ತಿದ್ದುವುದು ದೊಡ್ಡ ಕೆಲಸ. ಪದಾಧಿಕಾರಿಗಳು ಎಷ್ಟು ವರ್ಷ ಇರಬಹುದು ಅನ್ನುವುದನ್ನೂ ಬರೆಯಿರಿ. ನಮ್ಮಲ್ಲಿ ಎರಡು ವರ್ಷಕ್ಕೊಂದು ಅವಧಿ, ಒಂದೇ ಹುದ್ದೆಯಲ್ಲಿ ಸತತ ಎರಡು ಅವಧಿ ಮೀರಬಾರದು.

ಟ್ರಸ್ಟ್ ಯಾರಿಗೆ ಹೊಂದುತ್ತದೆ

ಟ್ರಸ್ಟ್ ಮಾಡುವುದು ಸುಲಭ, ನಿಜ. ಟ್ರಸ್ಟ್ ಡೀಡ್ ಬರೆಸಿ ಸಬ್ ರಿಜಿಸ್ಟ್ರಾರ್ ಹತ್ತಿರ ನೋಂದಾಯಿಸಿದರೆ ಆಯಿತು. ಏಳು ಜನ ಬೇಕಿಲ್ಲ, ಚುನಾವಣೆ ಇಲ್ಲ, ಸರ್ವ ಸದಸ್ಯರ ಸಭೆ ಇಲ್ಲ. ಯಾಕೆಂದರೆ ಸದಸ್ಯರೇ ಇಲ್ಲ. ಟ್ರಸ್ಟಿಗಳು ಮಾತ್ರ.

ಅದೇ ಅದರ ಬಲ, ಅದೇ ಅದರ ದೋಷ. ಒಂದೇ ಕೆಲಸವನ್ನು ಹಿಡಿದು ಹತ್ತು ಹದಿನೈದು ವರ್ಷ ಬಿಡದೆ ಮಾಡಬೇಕಾದಾಗ ಟ್ರಸ್ಟಿನಷ್ಟು ಒಳ್ಳೆಯದು ಇಲ್ಲ. ಜೆ.ಪಿ. ನಗರ 7ನೇ ಹಂತದ ಪುಟ್ಟೇನಹಳ್ಳಿ ಕೆರೆ ನೋಡಿ. ಸುಮಾರು 13 ಎಕರೆಯ ಕೆರೆ, ಒತ್ತುವರಿ, ಕಸ, ಕೊಳಚೆಯಲ್ಲಿ ಹೋಗಿಯೇಬಿಡುವಂತಿತ್ತು. ಸುತ್ತಲಿನ ನಿವಾಸಿಗಳು 2010ರಲ್ಲಿ ಟ್ರಸ್ಟ್ ಮಾಡಿಕೊಂಡರು. 2011ರಲ್ಲಿ ಬಿಬಿಎಂಪಿ (ಆಗಿನ ಬೆಂಗಳೂರು ಪಾಲಿಕೆ) ಜೊತೆ ಒಪ್ಪಂದ ಮಾಡಿಕೊಂಡು ಕೆರೆ ನೋಡಿಕೊಳ್ಳತೊಡಗಿದರು. ಕೈಕೊಂಡ್ರಹಳ್ಳಿ, ಜಕ್ಕೂರು ಕೆರೆಗಳ ಹಿಂದೆಯೂ ಇಂಥ ಟ್ರಸ್ಟ್‌ಗಳ ದುಡಿಮೆ ಇದೆ. ಕೆರೆಗೆ ಪ್ರತಿ ಎರಡು ವರ್ಷಕ್ಕೆ ಹೊಸ ಅಧ್ಯಕ್ಷರು ಬಂದು ಹೊಸ ಯೋಚನೆ ಮಾಡಿದರೆ ಕಷ್ಟ. ಜೊಂಡು ತೆಗೆಯುವುದು, ಒಳಹರಿವು ಕಾಯುವುದು ಎಲ್ಲಕ್ಕೂ ವರ್ಷಗಳ ತಿಳಿವಳಿಕೆ ಬೇಕು.

ಆದರೆ ಇಡೀ ಬಡಾವಣೆಯ ಹೆಸರಲ್ಲಿ ಮಾತಾಡಲು ಟ್ರಸ್ಟ್ ಬೇಡ. ಐದು ಜನ ಟ್ರಸ್ಟಿಗಳು ಎಲ್ಲ ಮನೆಯವರ ಪರವಾಗಿ ಪಾಲಿಕೆಯಲ್ಲಿ ಕೂತು ಒಪ್ಪಿಗೆ ಕೊಟ್ಟರೆ ‘ನಿಮ್ಮನ್ನು ಆರಿಸಿದ್ದು ಯಾರು’ ಎಂದು ಯಾರಾದರೂ ಕೇಳುತ್ತಾರೆ, ಕೇಳಲೇಬೇಕು. ಟ್ರಸ್ಟಿಗಳು ದಾರಿ ತಪ್ಪಿದರೆ ಬೀದಿಯವರು ಓಟು ಹಾಕಿ ಇಳಿಸಲು ಆಗುವುದಿಲ್ಲ. ಸಾರ್ವಜನಿಕ ಟ್ರಸ್ಟ್ ಆದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಮಿನಡಿ ಕೋರ್ಟಿಗೆ ಹೋಗಬೇಕು. ಮೋರಿ ವಿಷಯಕ್ಕೆ ಅಷ್ಟು ದೂರ ಯಾರು ಹೋಗುತ್ತಾರೆ?

ನಮ್ಮ ಪಕ್ಕದ ಬಡಾವಣೆಯವರು ಜಾಣತನ ಮಾಡಿದ್ದಾರೆ. ಬೀದಿಗಳಿಗೆ ಸಂಘ, ಕೆರೆಗೆ ಬೇರೆ ಟ್ರಸ್ಟ್. ಸಂಘದ ಇಬ್ಬರು ಟ್ರಸ್ಟಿನಲ್ಲೂ ಇರಬೇಕು ಎಂದು ಡೀಡಿನಲ್ಲೇ ಬರೆಸಿದ್ದಾರೆ.

ವಾರ್ಡ್ ಸಮಿತಿ: ಬದಲಿ ಅಲ್ಲ, ಜೊತೆ

ವಾರ್ಡ್ ಸಮಿತಿ ನಾವು ಕಟ್ಟುವ ಸಂಘ ಅಲ್ಲ, ವಾರ್ಡಿನ ಕೆಲಸ ನೋಡಲು ಕಾನೂನಿನ ಪ್ರಕಾರ ಇರುವ ಪಾಲಿಕೆಯ ಸಮಿತಿ. ಅದು ಸಂವಿಧಾನದ 74ನೇ ತಿದ್ದುಪಡಿಯಿಂದ ಬಂದದ್ದು. 1992ರಲ್ಲಿ ಪಾಸಾಗಿ 1993ರ ಜೂನ್ 1ರಿಂದ ಜಾರಿಯಾಯಿತು. ಕರ್ನಾಟಕ ಪೌರ ನಿಗಮಗಳ ಕಾಯ್ದೆ, 1976ರ ಪ್ರಕಾರ ಕಾರ್ಪೊರೇಟರ್ ಇದರ ಅಧ್ಯಕ್ಷರು. ಹತ್ತು ಜನ ಸದಸ್ಯರಲ್ಲಿ ಮೂವರು ಮಹಿಳೆಯರು, ಇಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು, ಇಬ್ಬರು ನಿವಾಸಿಗಳ ಸಂಘಗಳ ಪ್ರತಿನಿಧಿಗಳು ಇರಬೇಕು. ಮೈಸೂರು, ಮಂಗಳೂರಿನಂಥ ಪಾಲಿಕೆಗಳಿಗೆ ಈ ಕಾಯ್ದೆ ಅನ್ವಯ.

ಬೆಂಗಳೂರಿನದು ಬೇರೆ ದಾರಿ. ಇಲ್ಲಿ ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಕಾರ್ಪೊರೇಟರ್‌ಗಳೇ ಇಲ್ಲದೆ, ಸಭೆ ನಡೆಸಲು ಅಧಿಕಾರಿಗಳನ್ನು ನೇಮಿಸಿ ಕೆಲಸ ನಡೆಯಿತು. ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ 2025ರ ಮೇ 15ರಿಂದ ಜಾರಿಗೆ ಬಂದು, ಅದೇ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಜಾಗದಲ್ಲಿ ಐದು ನಗರ ಪಾಲಿಕೆಗಳು ಬಂದವು. ನಿಮ್ಮ ಬೀದಿ ಕೇಂದ್ರ, ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಇವುಗಳಲ್ಲಿ ಯಾವ ಪಾಲಿಕೆಗೆ ಸೇರಿದೆ ಎಂದು ಮೊದಲು ನೋಡಿಕೊಳ್ಳಿ. ಹಳೆ ವಿಳಾಸಕ್ಕೆ ಪತ್ರ ಬರೆದು ತಿಂಗಳು ಕಾದವರು ನಮ್ಮಲ್ಲೂ ಇದ್ದಾರೆ.

ವಾರ್ಡ್ ಸಮಿತಿ ಸಭೆಗಳಿಗೆ ನಾನು ಹೋಗಿದ್ದೇನೆ. ಕೆಲವು ಸಲ ಎಂಟೇ ಜನ ಇರುತ್ತಿದ್ದರು. ಆದರೂ ಹೋಗಿ ಎನ್ನುತ್ತೇನೆ. ಕಾರಣ ಇದು. ರಸ್ತೆ ಅಗೆಯುವವರು, ನೀರಿನವರು, ಕರೆಂಟಿನವರು, ಕಸದವರು ಬೇರೆ ಬೇರೆ ಇಲಾಖೆ. ನಮ್ಮ ಬೀದಿಗೆ ಡಾಂಬರು ಹಾಕಿ ಮೂರು ವಾರಕ್ಕೆ ಪೈಪಿಗೆಂದು ಅಗೆದಿದ್ದರು. ಈ ಎಲ್ಲರನ್ನೂ ಒಂದೇ ಮೇಜಿನ ಸುತ್ತ ನೋಡುವ ಅವಕಾಶ ಸಾಮಾನ್ಯ ಜನಕ್ಕೆ ಸಿಗುವುದು ಇಲ್ಲಿ ಮಾತ್ರ. ಒಬ್ಬ ಇಂಜಿನಿಯರ್ ‘ಅದು ಅವರ ಕೆಲಸ’ ಅಂದಾಗ ಆ ‘ಅವರು’ ಎದುರಿಗೇ ಕೂತಿರುತ್ತಾರೆ. ನಮ್ಮ ಪತ್ರ ಸಭೆಯ ನಡಾವಳಿಯಲ್ಲಿ ಸೇರಿದ ಮೇಲೆ ನಾಲ್ಕನೇ ಕ್ರಾಸಿನ ಮ್ಯಾನ್‌ಹೋಲ್ 11 ದಿನದಲ್ಲಿ ಸರಿಯಾಯಿತು. ಅದಕ್ಕೆ ಮುಂಚೆ ಫೋನ್ ಮಾಡಿ ಮಾಡಿ ಏಳು ತಿಂಗಳಾಗಿತ್ತು.

ವಾರ್ಡ್ ಸಮಿತಿ ದುಡ್ಡು ಎತ್ತುವುದಿಲ್ಲ, ಕಾವಲಿನವರನ್ನು ಇಡುವುದಿಲ್ಲ, ಗಣೇಶ ಕೂರಿಸುವುದಿಲ್ಲ, ರಾಜ್ಯೋತ್ಸವಕ್ಕೆ ಮಕ್ಕಳಿಂದ ಹಾಡಿಸುವುದಿಲ್ಲ. ಅವು ಬೀದಿಯ ಕೆಲಸ.

ಹಾಗಾದರೆ ನಿಮ್ಮ ಬೀದಿಗೆ?

ಇಪ್ಪತ್ತು ಇಪ್ಪತ್ತೈದು ಮನೆ, ಒಂದೆರಡು ಸಮಸ್ಯೆ, ಹಬ್ಬಕ್ಕೆ ಆಗಾಗ ಚಂದಾ. ಹೀಗಿದ್ದರೆ ಗುಂಪಾಗಿಯೇ ಇರಿ. ಹಬ್ಬದ ಲೆಕ್ಕವನ್ನು ಒಂದು ವಾರದೊಳಗೆ ಕಾಗದದ ಮೇಲೆ ಬರೆದು ಎಲ್ಲರಿಗೂ ತೋರಿಸಿ, ಉಳಿದದ್ದನ್ನು ಹಂಚಿಬಿಡಿ ಅಥವಾ ಖರ್ಚು ಮಾಡಿಬಿಡಿ. ಕೈಯಲ್ಲಿ ಗಂಟು ಇಟ್ಟುಕೊಳ್ಳಬೇಡಿ.

ಕಾವಲಿನವರು, ಸಿಸಿ ಕ್ಯಾಮೆರಾ, ಪಾರ್ಕ್ ಮಾಲಿ ಅಂತ ತಿಂಗಳ ಖರ್ಚು ಬಂದಿದ್ದರೆ 1960ರ ಕಾಯ್ದೆಯ ಸಂಘ. ಎರಡು ಮಾತಿಲ್ಲ. ಖಾಸಗಿ ಲೇಔಟ್, ಹಸ್ತಾಂತರ ಆಗಿಲ್ಲ ಅಂದರೆ ಮನೆ ಹತ್ತೇ ಇದ್ದರೂ ಇವತ್ತೇ ಮಾಡಿಸಿ. ಕೆರೆ, ಗ್ರಂಥಾಲಯ, ಒಂದು ಶಾಲೆ ಹೀಗೆ ಒಂದೇ ಕೆಲಸಕ್ಕೆ ಮನಸ್ಸು ಕೊಟ್ಟಿದ್ದರೆ ಟ್ರಸ್ಟ್. ಈ ಮೂರರಲ್ಲಿ ಯಾವುದೇ ಇರಲಿ, ವಾರ್ಡ್ ಸಭೆಗೆ ತಪ್ಪದೆ ಇಬ್ಬರನ್ನು ಕಳಿಸಿ. ಪ್ರತಿ ಸಲ ಅದೇ ಇಬ್ಬರು ಹೋದರೆ ಅಧಿಕಾರಿಗಳಿಗೆ ಮುಖ ಪರಿಚಯ ಆಗುತ್ತದೆ, ವಿಷಯವೂ ಮರೆಯುವುದಿಲ್ಲ.

ನೋಂದಣಿಗೆ ಹೋಗುವುದು ಎಂದು ತೀರ್ಮಾನಿಸಿದರೆ ಮೊದಲ ಸಭೆಯನ್ನು ಭಾನುವಾರ ಬೆಳಿಗ್ಗೆ 10:30ಕ್ಕೆ ಇಡಿ. ತಿಂಡಿ ಆಗಿರುತ್ತದೆ, ಮಧ್ಯಾಹ್ನದ ಅಡುಗೆ ಇನ್ನೂ ಶುರುವಾಗಿರುವುದಿಲ್ಲ. ಯಾರದೋ ಮನೆಯ ಹಾಲಿನಲ್ಲಿ ಬೇಡ, ಪಾರ್ಕಿನಲ್ಲಿ ಅಥವಾ ಬೀದಿಯ ಮರದ ಕೆಳಗೆ ಮಾಡಿ. ಮನೆಯೊಳಗೆ ಬರಲು ಹಿಂಜರಿಯುವವರೂ ಅಲ್ಲಿಗೆ ಬರುತ್ತಾರೆ. ಬಾಡಿಗೆ ಮನೆಗಳಿಗೂ, ಅಂಗಡಿಯವರಿಗೂ ಹೋಗಿ ಬಾಗಿಲು ತಟ್ಟಿ ಕರೆಯಿರಿ. ಏಳು ಸಹಿಗಳಿಗೆ ಒಂದೇ ಮನೆಯಿಂದ ಇಬ್ಬರನ್ನು ತೆಗೆದುಕೊಳ್ಳಬೇಡಿ. ಲೆಕ್ಕ ಗೊತ್ತಿರುವ ಒಬ್ಬರು, ಕನಿಷ್ಠ ಇಬ್ಬರು ಹೆಂಗಸರು, ಬಾಡಿಗೆಗೆ ಇರುವ ಒಬ್ಬರು ಇರಲಿ. ಕಚೇರಿ ವಿಳಾಸಕ್ಕೆ ಸ್ವಂತ ಮನೆ ಇರುವ, ಸದ್ಯಕ್ಕೆ ಮಾರುವ ಯೋಚನೆ ಇಲ್ಲದವರ ಮನೆ ಆರಿಸಿ, ಅವರಿಂದ ಒಪ್ಪಿಗೆ ಪತ್ರ ಬರೆಸಿಕೊಳ್ಳಿ. ನಡಾವಳಿ ಪುಸ್ತಕವನ್ನು ಅಲ್ಲೇ ಜೋರಾಗಿ ಓದಿ, ಎಲ್ಲರ ಸಹಿ ಹಾಕಿಸಿ. ಖಾತೆ ತೆರೆಯಲು ಬ್ಯಾಂಕಿಗೆ ಹೋಗುವಾಗ ಆ ಪುಸ್ತಕದ ನಕಲು, ಬೈಲಾ, ನೋಂದಣಿ ಪತ್ರ, ಪ್ಯಾನ್ ಕಾರ್ಡು ಮತ್ತು ಚೆಕ್ಕಿಗೆ ಸಹಿ ಹಾಕುವ ಇಬ್ಬರನ್ನೂ ಜೊತೆಯಲ್ಲೇ ಕರೆದುಕೊಂಡು ಹೋಗಿ.